ಸ್ಟೈನ್‌ಬಾಕ್: ಒಂದೇ ಮತದವರು ಕಟ್ಟಿದ ಊರಲ್ಲಿ ಇಷ್ಟೊಂದು ಚರ್ಚುಗಳೇಕೆ?

ಕೆನಡಾದ ವಿನ್ನಿಪೆಗ್‌ನಿಂದ ಆಗ್ನೇಯಕ್ಕೆ ಸುಮಾರು 60 ಕಿ.ಮೀ. ಹೋದರೆ ಸ್ಟೈನ್‌ಬಾಕ್ ಸಿಗುತ್ತದೆ. ಸುತ್ತ ಏರಿಳಿತವೇ ಇಲ್ಲದ ಬಯಲು, ಹೊಲಗಳು, ಕೋಳಿ-ಹಂದಿ ಫಾರಂಗಳು. ಊರೊಳಗೆ ಸಾಲು ಸಾಲು ಕಾರು ಷೋರೂಮ್‌ಗಳು, ಅಲ್ಲಲ್ಲಿ ಚರ್ಚುಗಳು. 2021ರ ಜನಗಣತಿಯಲ್ಲಿ ಇಲ್ಲಿದ್ದದ್ದು 17,806 ಜನ. ನಮ್ಮ ಲೆಕ್ಕದಲ್ಲಿ ಒಂದು ಸಣ್ಣ ತಾಲ್ಲೂಕು ಕೇಂದ್ರದಷ್ಟೂ ಇಲ್ಲ. ಮ್ಯಾನಿಟೋಬಾ ಪ್ರಾಂತ್ಯದಲ್ಲಿ ಮಾತ್ರ ಇದು ಮೂರನೇ ದೊಡ್ಡ ನಗರ.

ಈ ಊರಿನ ಬಗ್ಗೆ ಸಾಮಾನ್ಯವಾಗಿ ಹೇಳುವ ಕಥೆ ಸರಳವಾಗಿದೆ. 1874ರಲ್ಲಿ ಜರ್ಮನ್ ಮಾತಾಡುವ ಮೆನೊನೈಟ್ ಕ್ರೈಸ್ತರು ಬಂದು ಊರು ಕಟ್ಟಿದರು. ನೂರು ವರ್ಷಕ್ಕೂ ಜಾಸ್ತಿ ಕಾಲ ಎಲ್ಲರೂ ಒಂದೇ ಥರ ಇದ್ದರು. ಆಮೇಲೆ ಹೊರಗಿನವರು ಬಂದರು, ವೈವಿಧ್ಯ ಬಂತು. ಕೇಳೋಕೆ ಚೆನ್ನಾಗಿದೆ, ಆದರೆ ಅರ್ಧ ಮಾತ್ರ ನಿಜ. ಆ 'ಒಂದೇ ಥರ' ಅನ್ನುವುದು ಈ ಊರಲ್ಲಿ ಎಂದೂ ಇರಲಿಲ್ಲ. ಅದನ್ನು ಬಿಡಿಸಿ ನೋಡದೆ ಇವತ್ತಿನ ಸ್ಟೈನ್‌ಬಾಕ್ ಅರ್ಥವಾಗುವುದಿಲ್ಲ.

ಮೆನೊನೈಟರು ಅಂದರೆ ಯಾರು?

ಕಥೆ ಶುರುವಾಗುವುದು 1525ರಲ್ಲಿ, ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನಲ್ಲಿ. ಹುಟ್ಟಿದ ಮಗುವಿಗೆ ದೀಕ್ಷಾಸ್ನಾನ ಮಾಡಿಸುವುದರಲ್ಲಿ ಅರ್ಥವಿಲ್ಲ, ತಿಳಿವಳಿಕೆ ಬಂದ ಮೇಲೆ ಮನಸ್ಸಾರೆ ಒಪ್ಪಿ ತೆಗೆದುಕೊಂಡರೆ ಮಾತ್ರ ಅದು ದೀಕ್ಷೆ ಅಂತ ಕೆಲವರು ಹೇಳಿದರು. ಇಷ್ಟಕ್ಕೇ ಜೀವ ತೆಗೆಯಬೇಕಿತ್ತಾ ಅನ್ನಿಸಬಹುದು. ಆದರೆ ಆ ಕಾಲದಲ್ಲಿ ಮಗುವಿನ ದೀಕ್ಷೆ ಅಂದರೆ ಅದು ಆ ರಾಜ್ಯದ ಪ್ರಜೆ ಅನ್ನುವುದಕ್ಕೂ ಗುರುತು. ಅದನ್ನು ಬೇಡ ಅಂದವರು ರಾಜನನ್ನೂ ಚರ್ಚನ್ನೂ ಒಟ್ಟಿಗೆ ಎದುರು ಹಾಕಿಕೊಂಡರು. ಇವರಿಗೆ ಅನಾಬ್ಯಾಪ್ಟಿಸ್ಟರು ಅಂತ ಹೆಸರಾಯಿತು. ಇವರಲ್ಲೊಬ್ಬನಾದ ಫೆಲಿಕ್ಸ್ ಮಾಂಟ್ಸ್‌ನನ್ನು 1527ರಲ್ಲಿ ಜ್ಯೂರಿಕ್‌ನ ನದಿಯಲ್ಲೇ ಮುಳುಗಿಸಿ ಕೊಂದರು. ಕ್ಯಾಥೊಲಿಕ್ ದೊರೆಗಳೂ ಕೊಂದರು, ಪ್ರೊಟೆಸ್ಟೆಂಟ್ ದೊರೆಗಳೂ ಕೊಂದರು. ಲೂಥರನ್ ಚರ್ಚುಗಳ ಜಾಗತಿಕ ಒಕ್ಕೂಟ ಇದಕ್ಕೆ ಮೆನೊನೈಟರ ಕ್ಷಮೆ ಕೇಳಿದ್ದು 2010ರಲ್ಲಿ!

ಚೆದುರಿಹೋದ ಇವರನ್ನು ಉತ್ತರದಲ್ಲಿ ಒಟ್ಟುಗೂಡಿಸಿದವನು ಮೆನೊ ಸಿಮನ್ಸ್. ಇವತ್ತಿನ ನೆದರ್‌ಲೆಂಡ್ಸ್‌ನ ಫ್ರೀಸ್‌ಲೆಂಡಿನವನು. ಕ್ಯಾಥೊಲಿಕ್ ಪಾದ್ರಿಯಾಗಿದ್ದ, 1536ರಲ್ಲಿ ಅದನ್ನು ಬಿಟ್ಟ. ಅವನ ಹೆಸರಿನಿಂದಲೇ ಮೆನೊನೈಟರು. ದೊಡ್ಡವರಾದ ಮೇಲೆ ದೀಕ್ಷೆ, ಆಯುಧ ಹಿಡಿಯದಿರುವುದು, ಆಣೆ ಮಾಡದಿರುವುದು, ಸಭೆಯ, ಅಂದರೆ ತಮ್ಮ ಚರ್ಚಿನ ಬಳಗದ, ಶಿಸ್ತು ಮೀರಿದವರನ್ನು ಹೊರಗಿಡುವುದು, ಇವು ಅವರ ಮುಖ್ಯ ಕಟ್ಟುಪಾಡುಗಳು. ಅಂದ ಹಾಗೆ, ಕುದುರೆ ಗಾಡಿಯಲ್ಲೇ ಓಡಾಡುವ ಆಮಿಷ್ ಜನ ಇದೇ ಬುಡದ ಇನ್ನೊಂದು ಕವಲು. ಸ್ಟೈನ್‌ಬಾಕ್‌ನಲ್ಲಿ ಕುದುರೆ ಗಾಡಿ ಹುಡುಕಿದರೆ ಮ್ಯೂಸಿಯಂನಲ್ಲಿ ಸಿಗಬಹುದು.

ಬಂದ ದಾರಿ ತಟ್ಟೆಯಲ್ಲಿದೆ

ಆ ಮ್ಯೂಸಿಯಂ ಅಂದರೆ ಊರಿನ ಉತ್ತರಕ್ಕಿರುವ ಮೆನೊನೈಟ್ ಹೆರಿಟೇಜ್ ವಿಲೇಜ್. ಅಲ್ಲೊಂದು ದೊಡ್ಡ ಗಾಳಿಯಂತ್ರ ಇದೆ. 1877ರ ಮೂಲ ಯಂತ್ರದ ಪ್ರತಿರೂಪವಾಗಿ 1972ರಲ್ಲಿ ಕಟ್ಟಿದ್ದನ್ನು 2000ದಲ್ಲಿ ಯಾರೋ ಬೆಂಕಿ ಹಚ್ಚಿ ಸುಟ್ಟರು. ಮರುವರ್ಷವೇ ಮತ್ತೆ ಕಟ್ಟಿದರು. ಇತಿಹಾಸ ತಿಳಿಯೋಕೆ ಗಾಳಿಯಂತ್ರಕ್ಕಿಂತ ಈ ಜನರ ಊಟವೇ ಒಳ್ಳೆಯದು ಅಂತ ನನ್ನ ಅಭಿಪ್ರಾಯ.

ಒಂದು ತಟ್ಟೆ 'ವೆರೆನಿಕಿ' ನೋಡಿ. ಮೈದಾ ಹಿಟ್ಟಿನ ತೆಳು ಹಾಳೆಯೊಳಗೆ ನೀರು ಬಸಿದ ಮೆತ್ತನೆ ಚೀಸು ತುಂಬಿ, ಅಂಚು ಒತ್ತಿ, ನೀರಲ್ಲಿ ಬೇಯಿಸುತ್ತಾರೆ. ಮೇಲೆ ಕೆನೆಯ ಬಿಳಿ ಗ್ರೇವಿ ಸುರಿಯುತ್ತಾರೆ. ಪಕ್ಕದಲ್ಲಿ ಹೊಗೆ ಹಿಡಿಸಿದ ಹಂದಿಮಾಂಸದ ಸಾಸೇಜು. ವೆರೆನಿಕಿ ಉಕ್ರೇನಿನ ತಿಂಡಿ. ಬೇಸಿಗೆಯಲ್ಲಾದರೆ ಕಲ್ಲಂಗಡಿ ಹಣ್ಣಿನ ಜೊತೆ 'ರೋಲ್‌ಕುಕನ್' ಅನ್ನುವ ಕರಿದ ಹಿಟ್ಟಿನ ಪಟ್ಟಿಗಳು. ಈ ಜೋಡಿ ಕೂಡ ಉಕ್ರೇನಿನ ಹುಲ್ಲುಗಾವಲ ಬಿಸಿಲಲ್ಲಿ ಕಲ್ಲಂಗಡಿ ಬೆಳೆದ ದಿನಗಳ ರೂಢಿ. ಒಂದರ ತಲೆಯ ಮೇಲೊಂದು ಚಿಕ್ಕ ಉಂಡೆ ಕೂರಿಸಿ ಬೇಯಿಸುವ ಬನ್ನು ಅದಕ್ಕೂ ಹಿಂದೆ ಬಾಲ್ಟಿಕ್ ಕಡೆಯಲ್ಲಿದ್ದಾಗಿನದು. ಊಟ ಮಾಡುತ್ತ ಆಡುವ ಮಾತು 'ಪ್ಲಾಟ್‌ಡೀಚ್'. ಇದು ತಗ್ಗು ಜರ್ಮನ್. ಅದನ್ನು ಕಲಿತದ್ದೂ ಬಾಲ್ಟಿಕ್ ದಂಡೆಯಲ್ಲೇ.

ನೆದರ್‌ಲೆಂಡ್ಸ್ ಕಡೆಯಿಂದ ಓಡಿದವರು ಮೊದಲು ಪೋಲೆಂಡ್ ದೊರೆಯ ಆಳ್ವಿಕೆಯಲ್ಲಿದ್ದ ಬಾಲ್ಟಿಕ್ ದಂಡೆಗೆ, ವಿಸ್ಟುಲಾ ನದಿಯ ಮುಖಜ ಭೂಮಿಗೆ, ಬಂದರು. ಜೌಗು ನೆಲದ ನೀರು ಬಸಿದು ಹೊಲ ಮಾಡುವುದು ಇವರಿಗೆ ಗೊತ್ತಿತ್ತು, ಹಾಗಾಗಿ ಜಮೀನ್ದಾರರು ಸೇರಿಸಿಕೊಂಡರು. ಸುಮಾರು 200 ವರ್ಷದ ನಂತರ ಆ ನೆಲ ಪ್ರಷ್ಯಾದ ಕೈಗೆ ಹೋಯಿತು, ಸೈನ್ಯದ ಕಿರಿಕಿರಿ ಶುರುವಾಯಿತು. ರಷ್ಯಾದ ರಾಣಿ ಕ್ಯಾಥರೀನ್ ಕರೆದಳು. 1789ರಿಂದ ಇವತ್ತಿನ ಉಕ್ರೇನಿನಲ್ಲಿ ಊರು ಕಟ್ಟಿದರು. 1870ರ ದಶಕದಲ್ಲಿ ರಷ್ಯಾದಲ್ಲೂ ಎಲ್ಲರಿಗೂ ಸೈನಿಕ ಸೇವೆ ಕಡ್ಡಾಯ ಅಂದಾಗ ಮತ್ತೆ ಗಂಟುಮೂಟೆ ಕಟ್ಟಿದರು.

ಇಲ್ಲಿ ಒಂದು ಸಂಗತಿ ಗಮನಿಸಿ. ಇವರು ಕೆನಡಾಕ್ಕೆ ಸುಮ್ನೆ ಬರಲಿಲ್ಲ, ಕರಾರು ಮಾಡಿಕೊಂಡು ಬಂದರು. 1873ರಲ್ಲಿ ಅವರ 12 ಪ್ರತಿನಿಧಿಗಳು ಉತ್ತರ ಅಮೆರಿಕ ಸುತ್ತಿ ನೋಡಿದರು. ಸೈನ್ಯಕ್ಕೆ ಸೇರುವ ಕಡ್ಡಾಯ ಇಲ್ಲ, ಶಾಲೆ ನಿಮ್ಮದೇ, ಒಟ್ಟಿಗೆ ಇರೋಕೆ ಬೇರೆ ಜಮೀನು ಅಂತ ಕೆನಡಾ ಸರ್ಕಾರ ಪತ್ರ ಬರೆದುಕೊಟ್ಟಿತು. ಮುಂದಿನ ಕೆಲವೇ ವರ್ಷಗಳಲ್ಲಿ ಸುಮಾರು 7,000 ಮೆನೊನೈಟರು ಮ್ಯಾನಿಟೋಬಾಕ್ಕೆ ಬಂದರು. ಅವರಲ್ಲಿ 18 ಕುಟುಂಬಗಳು 1874ರಲ್ಲಿ ಸ್ಟೈನ್‌ಬಾಕ್ ಕಟ್ಟಿದವು. ಒಂದೇ ಬೀದಿ, ಅದರ ಉದ್ದಕ್ಕೂ ಮನೆ. ಮನೆಗೆ ಅಂಟಿಕೊಂಡೇ ಕೊಟ್ಟಿಗೆ.

ಈಗ ಬಹುಸಂಖ್ಯಾತರಂತೆ ಕಾಣುವವರು ಬಂದದ್ದು ವಿನಾಯಿತಿ ಕೇಳುವ ಅಲ್ಪಸಂಖ್ಯಾತರಾಗಿ. ಇನ್ನೊಂದು ವಿಷಯವನ್ನು ಊರ ಹಬ್ಬಗಳ ಭಾಷಣದಲ್ಲಿ ಬಹಳ ಕಾಲ ಯಾರೂ ಎತ್ತುತ್ತಿರಲಿಲ್ಲ. ಆ ನೆಲ ಖಾಲಿ ಇರಲಿಲ್ಲ. ಅದು ಮೂಲನಿವಾಸಿಗಳಾದ ಅನಿಶಿನಾಬೆ ಜನರ ನೆಲ, ಮೂಲನಿವಾಸಿ-ಯುರೋಪಿಯನ್ ಮಿಶ್ರ ವಂಶದ ಮೆಟೀ ಜನರ ನಾಡು. ಮೆನೊನೈಟರು ಬರುವುದಕ್ಕೆ ಮೂರೇ ವರ್ಷ ಮುಂಚೆ, 1871ರಲ್ಲಿ, ಸರ್ಕಾರ ಮೂಲನಿವಾಸಿಗಳ ಜೊತೆ ಆ ನೆಲದ ಬಗ್ಗೆ 'ಒಂದನೇ ಒಪ್ಪಂದ' (ಟ್ರೀಟಿ 1) ಮಾಡಿಕೊಂಡಿತ್ತು. ನೆರೆಯಲ್ಲಿ ಫ್ರೆಂಚ್ ಮಾತಾಡುವ ಕ್ಯಾಥೊಲಿಕ್ ಹಳ್ಳಿಗಳೂ ಇದ್ದವು. ಅಂದರೆ ಮೊದಲ ದಿನದಿಂದಲೂ ಅಕ್ಕಪಕ್ಕದಲ್ಲಿ ಬೇರೆಯವರು ಇದ್ದರು.

ಒಂದು ಸಭೆ ಹಲವಾದದ್ದು

ಅಕ್ಕಪಕ್ಕ ಬಿಡಿ, ಊರೊಳಗೇ ಬೇರೆಯವರಿದ್ದರು. ಸ್ಟೈನ್‌ಬಾಕ್ ಕಟ್ಟಿದ 18 ಕುಟುಂಬಗಳು 'ಕ್ಲೈನೆ ಗೆಮೈಂಡೆ', ಅಂದರೆ ಚಿಕ್ಕ ಸಭೆಯವರು. ದೊಡ್ಡ ಸಭೆ ಶಿಸ್ತಿನಲ್ಲಿ ಸಡಿಲವಾಯಿತು, ರಷ್ಯಾದ ಯುದ್ಧಕ್ಕೆ ಹಣ ಕೊಟ್ಟಿತು ಅಂತ ಮುನಿಸಿಕೊಂಡು 1812ರಲ್ಲಿ ಕ್ಲಾಸ್ ರೈಮರ್ ಎಂಬವರ ಹಿಂದೆ ಬೇರೆ ಒಲೆ ಹೂಡಿದವರು.

ಕೆನಡಾಕ್ಕೆ ಬಂದು ಎಂಟು ವರ್ಷ ಆಗಿರಲಿಲ್ಲ, ಈ ಚಿಕ್ಕ ಸಭೆಯೂ ಒಡೆಯಿತು. ಜಾನ್ ಹೋಲ್ಡ್‌ಮನ್ ಎಂಬ ಬೋಧಕರು ಅಮೆರಿಕದಿಂದ ಬಂದರು. ಸಭೆಯ ಹಿರಿಯರಾಗಿದ್ದ ಪೀಟರ್ ಟೇವ್ಸ್ ಅವರೇ ಸುಮಾರು ಮೂರರಲ್ಲೊಂದು ಭಾಗ ಜನರನ್ನು ಕರೆದುಕೊಂಡು ಆ ಕಡೆ ಹೋದರು. ಹೋಲ್ಡ್‌ಮನ್ ಸಭೆಯ ಗಂಡಸರು ಗಡ್ಡ ಬಿಡುತ್ತಾರೆ, ಹೆಂಗಸರು ತಲೆಗೆ ಕಪ್ಪು ಬಟ್ಟೆ ಕಟ್ಟುತ್ತಾರೆ. ಟಿವಿ ಇಟ್ಟುಕೊಳ್ಳುವುದಿಲ್ಲ, ಕಾರು ಮಾತ್ರ ಓಡಿಸುತ್ತಾರೆ. 1897ರ ಹೊತ್ತಿಗೆ ಭಾನುವಾರದ ಶಾಲೆ, ಉತ್ಸಾಹದ ಹಾಡು, ಧರ್ಮಪ್ರಚಾರ ಬೇಕು ಅಂದವರು ಮತ್ತೊಂದು ಸಭೆ ಮಾಡಿಕೊಂಡರು. ಉಳಿದ ಕ್ಲೈನೆ ಗೆಮೈಂಡೆ ಕೂಡ ಕಾಲಕ್ಕೆ ತಕ್ಕ ಹಾಗೆ ಬದಲಾಗಿ 1950ರ ದಶಕದಲ್ಲಿ ಹೆಸರನ್ನೇ ಬದಲಿಸಿಕೊಂಡು ಇವಾಂಜೆಲಿಕಲ್ ಮೆನೊನೈಟ್ ಆಯಿತು. ಆ ಬದಲಾವಣೆ ಒಪ್ಪದವರು 1948ರಲ್ಲೇ ಮೆಕ್ಸಿಕೊಗೆ ಹೊರಟುಬಿಟ್ಟಿದ್ದರು.

ಹೊರಗಿನವರಿಗೆ ಈ ಜಗಳಗಳು ಕೂದಲು ಸೀಳುವ ವಾದದಂತೆ ಕಾಣುತ್ತವೆ. ಒಂದನ್ನು ಹತ್ತಿರದಿಂದ ನೋಡೋಣ. ದೀಕ್ಷೆ ಕೊಡುವಾಗ ಮಂಡಿಯೂರಿದವರ ತಲೆಯ ಮೇಲೆ ನೀರು ಸುರಿದರೆ ಸಾಕೇ? ಅಥವಾ ನದಿಗೋ ಕೊಳಕ್ಕೋ ಇಳಿಸಿ ಪೂರ್ತಿ ಮುಳುಗಿಸಬೇಕೇ? 1860ರಲ್ಲಿ ಹುಟ್ಟಿದ ಮೆನೊನೈಟ್ ಬ್ರದರನ್ ಪಂಗಡ ಮುಳುಗಿಸಲೇಬೇಕು ಅಂತ ಹಿಡಿದುಕೊಂಡಿತು. ನೀರು ಸುರಿಸಿಕೊಂಡವರು ಮದುವೆಯಾಗಿ ಆ ಸಭೆಗೆ ಬಂದರೂ ಬಹಳ ಕಾಲ ಪೂರ್ತಿ ಸದಸ್ಯರಾಗುವಂತಿರಲಿಲ್ಲ. ಅಪ್ಪ-ಅಮ್ಮ ಒಂದು ಚರ್ಚು, ಸೊಸೆ ಇನ್ನೊಂದು ಚರ್ಚು. ಮನಸ್ಸಾರೆ ಒಪ್ಪಿದರೆ ಮಾತ್ರ ದೀಕ್ಷೆ ಅಂತ ನಂಬಿದ ಮೇಲೆ, ಒಪ್ಪದವನು ಎದ್ದು ಹೋಗುವುದಕ್ಕೂ ದಾರಿ ತೆರೆದೇ ಇರುತ್ತದೆ ಅಲ್ವಾ? ಒಡೆಯುವ ಗುಣ ಆ ನಂಬಿಕೆಯ ಬೇರಿನಲ್ಲೇ ಇದೆ ಅಂತ ನನಗನ್ನಿಸುತ್ತದೆ.

ಇವತ್ತು ಊರಲ್ಲಿ ಗ್ರೇಸ್ ಮೆನೊನೈಟ್ ಇದೆ, ಸ್ಟೈನ್‌ಬಾಕ್ ಮೆನೊನೈಟ್ ಇದೆ, ಇವಾಂಜೆಲಿಕಲ್ ಮೆನೊನೈಟ್ ಇದೆ, ಮೆನೊನೈಟ್ ಬ್ರದರನ್ ಇದೆ, ಇನ್ನೂ ಇವೆ. ಹೆಸರಲ್ಲಿ ಮೆನೊನೈಟ್ ಅನ್ನುವ ಪದವೇ ಇಲ್ಲದ ದೊಡ್ಡ ಚರ್ಚುಗಳೂ ಇವೆ, ಅಲ್ಲಿ ಕೂರುವವರಲ್ಲಿ ರೈಮರ್, ಪೆನ್ನರ್, ಫ್ರೀಸನ್ ಅನ್ನುವ ಹಳೆ ಮೆನೊನೈಟ್ ಮನೆತನಗಳವರು ಬೇಕಾದಷ್ಟು. 1936ರಲ್ಲಿ ಶುರುವಾದ ಸ್ಟೈನ್‌ಬಾಕ್ ಬೈಬಲ್ ಕಾಲೇಜನ್ನು ಬೇರೆ ಬೇರೆ ಮೆನೊನೈಟ್ ಪಂಗಡಗಳು ಸೇರಿ ನಡೆಸುತ್ತ ಬಂದಿವೆ. ಒಡೆಯುವುದೂ ಗೊತ್ತು, ಕೂಡುವುದೂ ಗೊತ್ತು.

ಹೋದವರು, ಮರಳಿದವರು

ಮೊದಲ ಮಹಾಯುದ್ಧದ ಹೊತ್ತಿಗೆ ಕರಾರು ಹಳಸಿತು. 1916ರಲ್ಲಿ ಮ್ಯಾನಿಟೋಬಾ ಸರ್ಕಾರ ದ್ವಿಭಾಷಾ ಶಾಲೆಗಳನ್ನು ನಿಲ್ಲಿಸಿ ಇಂಗ್ಲಿಷ್ ಶಾಲೆ ಕಡ್ಡಾಯ ಮಾಡಿತು. ಮಾತು ಹೋದರೆ ನಂಬಿಕೆಯೂ ಹೋಗುತ್ತದೆ ಅಂತ ಹೆದರಿದ ಸಾವಿರಾರು ಜನ 1922ರಿಂದ ಮೆಕ್ಸಿಕೊಗೆ ಹೋದರು. ಸ್ಟೈನ್‌ಬಾಕ್ ಸುತ್ತಲಿನ ಹಳ್ಳಿಗಳಿಂದ 1926ರಲ್ಲಿ ಪರಾಗ್ವೆಯ ಮುಳ್ಳುಕಾಡಿಗೆ ಹೋದವರೂ ಇದ್ದರು. ಅದೇ ದಶಕದಲ್ಲಿ ಸೋವಿಯತ್ ಕ್ರಾಂತಿಯಿಂದ ತಪ್ಪಿಸಿಕೊಂಡ ಸುಮಾರು 20,000 ಮೆನೊನೈಟರು ಕೆನಡಾಕ್ಕೆ ಬಂದರು. ಇವರಲ್ಲಿ ಓದಿದವರು, ಪಟ್ಟಣದ ರೂಢಿಯವರು ಜಾಸ್ತಿ. ಹಳಬರಿಗೆ ಇವರು ಜಂಬದವರಂತೆ ಕಂಡರು, ಇವರಿಗೆ ಹಳಬರು ಹಿಂದುಳಿದವರಂತೆ ಕಂಡರು. ಒಂದೇ ಮತ, ಒಂದೇ ಮಾತು, ಆದರೂ ಒಬ್ಬರನ್ನು ಕಂಡು ಇನ್ನೊಬ್ಬರು ಮೂಗು ಮುರಿದರು.

ರಷ್ಯಾದಲ್ಲೇ ಉಳಿದವರ ಗತಿ ಬೇರೆ. 1941ರಲ್ಲಿ ಸ್ಟಾಲಿನ್ ಸರ್ಕಾರ ಜರ್ಮನ್ ಮೂಲದವರನ್ನು ಕಜಕಸ್ತಾನ, ಸೈಬೀರಿಯಾಕ್ಕೆ ಗಡೀಪಾರು ಮಾಡಿತು. ಅವರ ಮಕ್ಕಳು, ಮೊಮ್ಮಕ್ಕಳು 1980-90ರ ದಶಕದಲ್ಲಿ ಜರ್ಮನಿಗೆ ಹೋದರು. ಅಲ್ಲಿಂದ ಕೆಲವರು ಮ್ಯಾನಿಟೋಬಾಕ್ಕೆ ಬಂದರು. ಜರ್ಮನಿಯಲ್ಲಿ ಮಕ್ಕಳಿಗೆ ಮನೆಯಲ್ಲೇ ಪಾಠ ಹೇಳಲು ಕಾನೂನು ಬಿಡುವುದಿಲ್ಲ, ಬರುವುದಕ್ಕೆ ಅದೂ ಒಂದು ಕಾರಣ. ಹೀಗೆ ಬಂದವರು ಅಡುಗೆಮನೆಯಲ್ಲಿ ರಷ್ಯನ್, ಕಚೇರಿಯಲ್ಲಿ ಜರ್ಮನ್ ಆಡುತ್ತಿದ್ದರು. ಮೆಕ್ಸಿಕೊ, ಪರಾಗ್ವೆಗೆ ಹೋದವರ ವಂಶದವರಲ್ಲೂ ಕೆಲವರು ಸ್ಪ್ಯಾನಿಷ್ ಕಲಿತು ಹಿಂತಿರುಗಿದರು. ಜನಗಣತಿಯಲ್ಲಿ ಇವರು ವಲಸಿಗರು. ಊರಿನವರ ಪಾಲಿಗೆ ದೂರದ ನೆಂಟರು. ಎರಡೂ ಸರಿಯೇ.

ಕಾರ್ಖಾನೆಗೆ ಕೈಗಳು ಬೇಕಾದಾಗ

ಸ್ಟೈನ್‌ಬಾಕ್‌ಗೆ ರೈಲು ಬರಲೇ ಇಲ್ಲ. ಹಾಗಾಗಿ ಕಾರು, ಲಾರಿಗಳ ಮೇಲೆ ಊರು ನಿಂತಿತು. ಜೆ.ಆರ್. ಫ್ರೀಸನ್ 1910ರ ದಶಕದಲ್ಲಿ ಫೋರ್ಡ್ ಏಜೆನ್ಸಿ ತೆರೆದರು. ಕಾರು ಲೌಕಿಕದ ಆಡಂಬರ ಅಂತ ಸಭೆ ಅವರನ್ನು ಹೊರಗಿಟ್ಟಿತು. ಆಮೇಲೆ ಅದೇ ಊರು ತನ್ನನ್ನು 'ಆಟೊಮೊಬೈಲ್ ಸಿಟಿ' ಅಂತ ಹೆಮ್ಮೆಯಿಂದ ಕರೆದುಕೊಂಡಿತು! ಮರದ ವ್ಯಾಪಾರದಿಂದ ಬೆಳೆದ ಲೇವನ್ ಕಿಟಕಿ ಕಾರ್ಖಾನೆ, ಬಾರ್ಕ್‌ಮನ್ ಕಾಂಕ್ರೀಟು, ಲಾರಿ ಕಂಪನಿಗಳು, ಹಂದಿ ಸಾಕಣೆ, ಎಲ್ಲಕ್ಕೂ ಕೆಲಸಗಾರರು ಬೇಕಾದರು.

ಬಾಗಿಲು ತೆರೆದದ್ದು ಎರಡು ದಾರಿಯಿಂದ. ಒಂದು ಚರ್ಚಿನ ದಾರಿ. ವಿಯೆಟ್ನಾಂ ಯುದ್ಧದ ನಂತರ ದೋಣಿಗಳಲ್ಲಿ ಓಡಿಬಂದ ನಿರಾಶ್ರಿತರನ್ನು ಖಾಸಗಿಯಾಗಿ ಕರೆಸಿಕೊಳ್ಳುವ ಒಪ್ಪಂದಕ್ಕೆ ಕೆನಡಾ ಸರ್ಕಾರದ ಜೊತೆ ಮೊದಲು ಸಹಿ ಹಾಕಿದ್ದು ಮೆನೊನೈಟರ ನೆರವು ಸಂಸ್ಥೆಯಾದ ಮೆನೊನೈಟ್ ಸೆಂಟ್ರಲ್ ಕಮಿಟಿ, 1979ರ ಮಾರ್ಚ್‌ನಲ್ಲಿ. ಒಂದು ಸಭೆ ಒಂದು ಕುಟುಂಬದ ಬಾಡಿಗೆ, ದಿನಸಿ, ಚಳಿಗಾಲದ ಕೋಟು, ಮಕ್ಕಳ ಶಾಲೆ ಎಲ್ಲ ವರ್ಷದ ಮಟ್ಟಿಗೆ ನೋಡಿಕೊಳ್ಳುವ ಏರ್ಪಾಡು ಅದು. ತಮ್ಮ ಅಜ್ಜಂದಿರೂ ಹೀಗೇ ಓಡಿಬಂದವರು ಅನ್ನುವ ನೆನಪು ಅದರ ಹಿಂದೆ ಇತ್ತು.

ಇನ್ನೊಂದು ಸರ್ಕಾರದ ದಾರಿ. ತನಗೆ ಬೇಕಾದ ಕೆಲಸಗಾರರನ್ನು ತಾನೇ ಆರಿಸಿ ಹೆಸರು ಸೂಚಿಸುವ ಯೋಜನೆಯನ್ನು ಮ್ಯಾನಿಟೋಬಾ 1998ರಲ್ಲಿ ಶುರುಮಾಡಿತು. ಇಲ್ಲಿ ನೆಂಟರಿದ್ದರೆ, ಕೆಲಸ ಸಿಕ್ಕಿದ್ದರೆ ಅವಕಾಶ ಜಾಸ್ತಿ. ಒಬ್ಬರು ಬಂದರೆ ತಮ್ಮ, ಭಾವಮೈದುನ, ಅವರ ಸ್ನೇಹಿತ ಅಂತ ಸಾಲು ಹತ್ತುತ್ತದೆ. ಜರ್ಮನಿಯಿಂದ ಬಂದವರೂ ಹೀಗೇ ಬಂದರು, ಫಿಲಿಪೀನ್ಸ್‌ನವರೂ ಹೀಗೇ ಬಂದರು. ಭಾರತ, ಆಫ್ರಿಕಾದಿಂದಲೂ ಜನ ಬಂದರು. 2001ರಲ್ಲಿ 9,227 ಇದ್ದ ಜನಸಂಖ್ಯೆ 20 ವರ್ಷದಲ್ಲಿ ಹತ್ತಿರ ಹತ್ತಿರ ಎರಡರಷ್ಟಾಯಿತು. ಫಿಲಿಪಿನೊಗಳಲ್ಲಿ ಹೆಚ್ಚಿನವರು ಕ್ಯಾಥೊಲಿಕರು. ಕ್ಯಾಥೊಲಿಕ್ ಚರ್ಚನ್ನು ಬಿಟ್ಟುಬಂದ ಪಾದ್ರಿಯ ಹೆಸರು ಹೊತ್ತವರ ಊರಲ್ಲಿ ಈಗ ಕ್ಯಾಥೊಲಿಕ್ ಪೂಜೆಗೆ ಜನ ತುಂಬುತ್ತಾರೆ. ಅದನ್ನು ಯಾರೂ ವಿಚಿತ್ರ ಅಂದುಕೊಳ್ಳುವುದಿಲ್ಲ.

ಮನೆತನವೋ, ನಂಬಿಕೆಯೋ?

ಗೊಂದಲದ ಗಂಟು ಇರುವುದು ಇಲ್ಲಿ. 'ಮೆನೊನೈಟ್' ಅಂದಾಗ ಜನ ಎರಡು ಬೇರೆ ಸಂಗತಿ ಹೇಳುತ್ತಿರುತ್ತಾರೆ. ಒಂದು ನಂಬಿಕೆ. ಇನ್ನೊಂದು ವಂಶ, ಅಡುಗೆ, ಮಾತು, ಮನೆತನದ ಹೆಸರು. ಸ್ಟೈನ್‌ಬಾಕ್‌ನಲ್ಲಿ ಚರ್ಚಿನ ಮೆಟ್ಟಿಲೇ ಹತ್ತದ ಒಬ್ಬ ಫ್ರೀಸನ್ ತನ್ನನ್ನು ಮೆನೊನೈಟ್ ಅಂತಲೇ ಹೇಳಿಕೊಳ್ಳಬಹುದು.

ಇಬ್ಬರು ಅಪರಿಚಿತರು ಸಿಕ್ಕರೆ ಯಾರ ಮಗ, ತಾಯಿ ಯಾವ ಮನೆ, ಅಜ್ಜ ಯಾವ ಹಳ್ಳಿ ಅಂತ ಕೆದಕಿ ಕೊನೆಗೆ ಯಾವುದೋ ನೆಂಟಸ್ತಿಕೆ ಹುಡುಕಿಬಿಡುತ್ತಾರೆ. ನಮ್ಮ ಮದುವೆ ಮನೆಯ ಹಿರಿಯರು ಮಾಡುವ ಕೆಲಸವೇ. ಇದಕ್ಕೆ ಅವರೇ 'ಮೆನೊನೈಟ್ ಆಟ' ಅಂತ ತಮಾಷೆಯ ಹೆಸರಿಟ್ಟಿದ್ದಾರೆ. ಆಡುವವರಿಗೆ ಖುಷಿ. ಪಕ್ಕದಲ್ಲಿ ಕಾಫಿ ಲೋಟ ಹಿಡಿದು ನಿಂತ ಹೊಸಬರಿಗೆ ಆ ಮಾತಿನಲ್ಲಿ ಜಾಗವೇ ಇಲ್ಲ. ಯಾರೂ ಬೇಕಂತ ದೂರ ಇಟ್ಟಿರುವುದಿಲ್ಲ, ಆದರೂ ದೂರ ಉಳಿದುಬಿಡುತ್ತಾರೆ.

ನಂಬಿಕೆಯ ಕಡೆಯಿಂದ ನೋಡಿದರೆ ಲೆಕ್ಕ ತಲೆಕೆಳಗಾಗುತ್ತದೆ. ಮೆನೊನೈಟ್ ಮತ್ತು ಅದರ ಸೋದರ ಸಭೆಗಳಲ್ಲಿ ಜಗತ್ತಿನಾದ್ಯಂತ 20 ಲಕ್ಷಕ್ಕೂ ಹೆಚ್ಚು ದೀಕ್ಷೆ ಪಡೆದವರಿದ್ದಾರೆ. ಅವರಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಆಫ್ರಿಕಾ, ಏಷ್ಯಾ, ಲ್ಯಾಟಿನ್ ಅಮೆರಿಕದವರು. ಇಥಿಯೋಪಿಯಾದ ಸಭೆ ಎಲ್ಲಕ್ಕಿಂತ ದೊಡ್ಡದರಲ್ಲಿ ಒಂದು. 1997ರ ಜಾಗತಿಕ ಸಮಾವೇಶ ನಡೆದದ್ದು ಕೋಲ್ಕತಾದಲ್ಲಿ. ಇನ್ನೂ ಹತ್ತಿರದ್ದು ಬೇಕೇ? ರಾಯಚೂರಿನಿಂದ ಕೃಷ್ಣಾ ದಾಟಿ ಮಕ್ತಲ್ ದಾರಿ ಹಿಡಿದರೆ ಸಿಗುವ ಮಹಬೂಬ್‌ನಗರ ಮೆನೊನೈಟ್ ಬ್ರದರನ್ ಸಭೆಯ ದೊಡ್ಡ ಕೇಂದ್ರ. ರಷ್ಯಾದ ಮೆನೊನೈಟ್ ಊರುಗಳಿಂದ ಹೊರಟ ಅಬ್ರಹಾಂ ಫ್ರೀಸನ್ 1889ರಲ್ಲಿ ಅಂದಿನ ಹೈದರಾಬಾದ್ ಸಂಸ್ಥಾನಕ್ಕೆ, ನಲ್ಗೊಂಡ ಕಡೆಗೆ ಬಂದರು. ಆ ಕೆಲಸದ ಮುಂದುವರಿಕೆ ಇದು. ಅಲ್ಲಿಯ ಸಭೆಗಳಲ್ಲಿ ಹಾಡು ತೆಲುಗು, ಊಟ ಜೋಳದ ರೊಟ್ಟಿಯೋ ಅನ್ನವೋ. ಅಲ್ಲಿನ ಒಬ್ಬ ಹುಡುಗಿ ನಾಳೆ ನರ್ಸ್ ಆಗಿ ಸ್ಟೈನ್‌ಬಾಕ್‌ಗೆ ಹೋದಳು ಅಂದುಕೊಳ್ಳಿ. ಊರಿನ ಕಣ್ಣಿಗೆ ಅವಳು ವೈವಿಧ್ಯ ತಂದ ಹೊರಗಿನವಳು. ನಂಬಿಕೆಯ ಲೆಕ್ಕದಲ್ಲಿ ಚರ್ಚು ಬಿಟ್ಟ ಸ್ಟೈನ್‌ಬಾಕ್‌ನ ಆ ಫ್ರೀಸನ್‌ಗಿಂತ ಅವಳೇ ಮೆನೊನೈಟ್. ಹಾಗಾಗಿ "ಅಲ್ಲಿ ಮೆನೊನೈಟರು ಎಷ್ಟು ಜನ" ಅಂತ ಯಾರಾದರೂ ಒಂದು ಅಂಕಿ ಕೊಟ್ಟರೆ, ಯಾವ ಅರ್ಥದಲ್ಲಿ ಎಣಿಸಿದ್ದೀರಿ ಅಂತ ಮೊದಲು ಕೇಳಬೇಕು.

ಜಗಳ ಯಾರ ಯಾರ ನಡುವೆ?

ಎಲ್ಲವೂ ಸೊಗಸಾಗಿದೆ ಅಂತಲ್ಲ. ಸ್ಟೈನ್‌ಬಾಕ್ ದಶಕಗಳ ಕಾಲ ಮದ್ಯ ಮಾರದ ಊರಾಗಿತ್ತು. 2000ದ ನಂತರ ಊರಿನವರೇ ವೋಟು ಹಾಕಿ ಹಂತಹಂತವಾಗಿ ಅದನ್ನು ಸಡಿಲಿಸಿದರು. ಮೊದಲು ಹೋಟೆಲಿನ ಊಟದ ಜೊತೆ, ಆಮೇಲೆ ಅಂಗಡಿ.

ಹೆಚ್ಚು ಕಾವೇರಿದ್ದು 2013ರಲ್ಲಿ. ಶಾಲೆಗಳಲ್ಲಿ ಪೀಡನೆ ತಡೆಯುವ ಮಸೂದೆಯೊಂದನ್ನು ಪ್ರಾಂತ್ಯ ಸರ್ಕಾರ ತಂದಿತು. ಸಲಿಂಗಿ ವಿದ್ಯಾರ್ಥಿಗಳೂ ಅವರ ಸ್ನೇಹಿತರೂ ಗುಂಪು ಕಟ್ಟಲು ಕೇಳಿದರೆ, ಸರ್ಕಾರದ ಹಣ ಪಡೆಯುವ ಧಾರ್ಮಿಕ ಶಾಲೆಗಳೂ ಬಿಡಬೇಕು ಅಂತ ಅದರಲ್ಲಿತ್ತು. ಸ್ಟೈನ್‌ಬಾಕ್‌ನ ಹಲವು ಚರ್ಚುಗಳು ಧರ್ಮ ಸ್ವಾತಂತ್ರ್ಯದ ಹೆಸರಿನಲ್ಲಿ ವಿರೋಧಿಸಿದವು. 1873ರ ಕರಾರಿನ ನೆನಪು ಆ ವಾದದಲ್ಲಿ ಕೇಳಿಸುತ್ತದೆ: ನಮ್ಮ ಶಾಲೆ ನಮ್ಮದು. ಆದರೆ ಗುಂಪು ಬೇಕು ಅಂದ ವಿದ್ಯಾರ್ಥಿಗಳೂ ಅದೇ ಊರಿನ ಮಕ್ಕಳೇ. ಮಸೂದೆ ಕಾನೂನಾಯಿತು. 2016ರ ಜುಲೈನಲ್ಲಿ ಸಲಿಂಗಿಗಳ ಪರವಾದ ಪ್ರೈಡ್ ಮೆರವಣಿಗೆ ಊರಲ್ಲಿ ಮೊದಲ ಸಲ ನಡೆಯಿತು. ಸ್ಥಳೀಯ ಸಂಸದರೂ ಪ್ರಾಂತ್ಯದ ಶಾಸಕರೂ ಬರಲಿಲ್ಲ. ಸಾವಿರಾರು ಜನ ಬಂದರು, ಹೊರಗಿನಿಂದಲೂ ಬಂದರು. ನಡೆದವರಲ್ಲಿ ಮೆನೊನೈಟ್ ಮನೆತನದವರು ಕಡಿಮೆ ಇರಲಿಲ್ಲ.

ಇಂಥ ಜಗಳಗಳನ್ನು 'ಹಳಬರು ಸಂಪ್ರದಾಯವಾದಿಗಳು, ಹೊಸಬರು ಉದಾರಿಗಳು' ಅಂತ ವಿಂಗಡಿಸುವುದು ಸುಲಭ, ಆದರೆ ತಪ್ಪು. ಜರ್ಮನಿಯಿಂದ ಬಂದ ಹೊಸ ಮೆನೊನೈಟರು ಅನೇಕ ವಿಷಯದಲ್ಲಿ ಊರಿನ ಹಳಬರಿಗಿಂತ ಬಿಗಿ. ಬೇರೆ ದೇಶಗಳಿಂದ ಬಂದ ಕ್ರೈಸ್ತರಲ್ಲೂ ಮದುವೆ, ಸಂಸಾರ, ಮಕ್ಕಳ ಶಿಸ್ತಿನ ವಿಚಾರದಲ್ಲಿ ಹಳೆ ಸಭೆಗಳ ಜೊತೆ ನಿಲ್ಲುವವರು ಬಹಳ. ಅತ್ತ 1874ರ ಕುಟುಂಬಗಳ ಮರಿಮಕ್ಕಳಲ್ಲೇ ಚರ್ಚು ಬಿಟ್ಟವರು, ಸಲಿಂಗಿಗಳನ್ನು ಬರಮಾಡಿಕೊಳ್ಳಬೇಕು ಅನ್ನುವವರು, ಬೇಡವೇ ಬೇಡ ಅನ್ನುವವರು ಎಲ್ಲರೂ ಇದ್ದಾರೆ. ಮುಂದಿನ ವೋಟಿನಲ್ಲಿ ಯಾರು ಯಾವ ಕಡೆ ಅನ್ನುವುದನ್ನು ಮನೆತನದ ಹೆಸರು ನೋಡಿ ಹೇಳುವ ಕಾಲ ಈ ಊರಲ್ಲಿ ಮುಗಿದಿದೆ.